ಜನವರಿಯ ಬೆಳಿಗ್ಗೆ ಅಳೆದ ಅಂಗವಿಕಲತೆ

ಮಾನ್ಯರೇ,

ಐದು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಶಾಲೆಗೆ ಹೊರಡುವ ಮುನ್ನ ಕನ್ನಡಿಯ ಮುಂದೆ ನಿಂತಿದ್ದೆ. ಎಡಗಣ್ಣಿಗೆ ಕೆಂಪಗೆ ಕಂಡ ಹಣೆಯ ಕುಂಕುಮ ಬಲಗಣ್ಣಿಗೆ ಮಾತ್ರ ಮಾಸಿದ ಇಟ್ಟಿಗೆಯ ಬಣ್ಣದಲ್ಲಿ ಕಂಡಿತು. ಕಣ್ಣು ಹೊರಳಿಸಿದರೆ ನೋವು. ಕಣ್ಣು ಚೆನ್ನಾಗಿದೆ, ಅದರ ಹಿಂದಿನ ನರ ಊದಿಕೊಂಡಿದೆ ಎಂದ ವೈದ್ಯರು ನರರೋಗ ತಜ್ಞರ ಬಳಿಗೆ ಕಳುಹಿಸಿದರು. ಎಂಆರ್‌ಐ ಆಗಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಗೊತ್ತಾಗುವಷ್ಟರಲ್ಲಿ ಬಂಧುಗಳು ಗಾಳಿ ಸೋಕಿದೆಯೆಂದು ನನ್ನ ತೋಳಿಗೆ ತಾಯತ ಕಟ್ಟಿಸಿಯಾಗಿತ್ತು.

ಇದು ಗಾಳಿಯೂ ಅಲ್ಲ, ಲಕ್ವಾವೂ ಅಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವಂಥದ್ದೂ ಅಲ್ಲ. ಮೆದುಳು, ಬೆನ್ನುಹುರಿ ಮತ್ತು ಕಣ್ಣಿನ ನರದ ತಂತುಗಳನ್ನು ಸುತ್ತಿರುವ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯ ಮೇಲೆ ನಮ್ಮದೇ ರೋಗನಿರೋಧಕ ವ್ಯವಸ್ಥೆ ತಿರುಗಿಬೀಳುವುದರಿಂದ ಬರುವ ಕಾಯಿಲೆ. ಹೊದಿಕೆ ಹಾಳಾದ ಕಡೆಯಲ್ಲೆಲ್ಲ ಗಟ್ಟಿ ಕಲೆ ಉಳಿಯುತ್ತದೆ. 1868ರಲ್ಲಿ ಫ್ರಾನ್ಸಿನ ವೈದ್ಯ ಶಾರ್ಕೋ ಇದನ್ನು ಪ್ರತ್ಯೇಕ ರೋಗವೆಂದು ವಿವರಿಸಿದಾಗ ಗಮನಿಸಿದ್ದು ಈ ಕಲೆಗಳನ್ನೇ. ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನಲ್ಲಿ, ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಪೂರ್ತಿ ಗುಣಪಡಿಸುವ ಔಷಧ ಇನ್ನೂ ಇಲ್ಲ. ಆದರೆ ಮರುಕಳಿಕೆಗಳನ್ನು ತಗ್ಗಿಸುವ ಔಷಧಗಳಿವೆ, ಬೇಗ ಆರಂಭಿಸಿದಷ್ಟೂ ಒಳ್ಳೆಯದು.

ಬಹುಪಾಲು ರೋಗಿಗಳಲ್ಲಿ ಮೊದಲ ವರ್ಷಗಳಲ್ಲಿ ಕಾಯಿಲೆ ಕೆರಳುತ್ತದೆ, ತಣಿಯುತ್ತದೆ, ಮತ್ತೆ ಕೆರಳುತ್ತದೆ. ಇದರ ಜೊತೆಗೆ ರಾಯಚೂರಿನ ಬಿಸಿಲೂ ಇದೆ. ಮೈಯ ಉಷ್ಣತೆ ಅರ್ಧ ಡಿಗ್ರಿಯಷ್ಟು ಏರಿದರೂ ಹೊದಿಕೆ ಸವೆದ ನರಗಳಲ್ಲಿ ಸಂಕೇತಗಳ ಹರಿವು ಕುಂಠಿತವಾಗುತ್ತದೆ. ಮಾರ್ಚ್ ತಿಂಗಳಲ್ಲಿ ಬೆಳಿಗ್ಗೆಯ ಎರಡು ಪೀರಿಯಡ್ ನಿಂತೇ ಪಾಠ ಮಾಡುವ ನಾನು, ಮಧ್ಯಾಹ್ನ ಎರಡು ಗಂಟೆಗೆ ಬೋರ್ಡಿನ ಮೇಲೆ ಒಂದು ಸಾಲು ಬರೆಯುವಷ್ಟರಲ್ಲಿ ಬೆರಳುಗಳ ಹಿಡಿತ ಸಡಿಲಿ ಸೀಮೆಸುಣ್ಣ ಕೆಳಗೆ ಬೀಳುತ್ತದೆ. ಅದನ್ನು ಎತ್ತಿಕೊಳ್ಳಲು ಕತ್ತು ಬಾಗಿಸಿದರೆ ಕರೆಂಟ್ ಹೊಡೆದಂತೆ ಬೆನ್ನಿನುದ್ದಕ್ಕೂ ಜುಮ್ಮೆನ್ನುತ್ತದೆ. ಕತ್ತಿಗೆ ಒದ್ದೆ ಟವೆಲ್ ಸುತ್ತಿಕೊಂಡು ಅರ್ಧ ಗಂಟೆ ಫ್ಯಾನಿನ ಕೆಳಗೆ ಕೂತರೆ ಕೈ ಮತ್ತೆ ಹತೋಟಿಗೆ ಬರುತ್ತದೆ. ನೋಡಿದವರು ಸೋಮಾರಿತನ ಅಂದುಕೊಂಡರೆ ಅವರನ್ನು ದೂರುವುದಕ್ಕಾಗದು. ನಿದ್ದೆ ಮಾಡಿದರೂ ಕಳೆಯದ ಈ ಆಯಾಸ ಹೊರಗೆ ಕಾಣುವುದಿಲ್ಲ.

ಆದರೆ ಸರ್ಕಾರಕ್ಕೂ ಕಾಣಬಾರದೆಂದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ಅಂಗವಿಕಲತೆಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಕೂಡ ಒಂದು. ಮೀಸಲಾತಿಯಂಥ ಸೌಲಭ್ಯಗಳಿಗೆ ಕನಿಷ್ಠ ಶೇ 40ರಷ್ಟು ಅಂಗವಿಕಲತೆ ಇದೆಯೆಂಬ ಪ್ರಮಾಣಪತ್ರ ಬೇಕು. ನನ್ನ ತಪಾಸಣೆ ನಡೆದದ್ದು ಜನವರಿಯ ತಂಪು ಬೆಳಿಗ್ಗೆ. ಗೆರೆಯ ಮೇಲೆ ನೇರವಾಗಿ ನಡೆದೆ, ಕಣ್ಣು ಮುಚ್ಚಿ ಬೆರಳಿನಿಂದ ಮೂಗು ಮುಟ್ಟಿದೆ, ಎಲ್ಲವೂ ಹತ್ತು ನಿಮಿಷದಲ್ಲಿ ಮುಗಿಯಿತು. ನಾನು ಕೊಂಡೊಯ್ದಿದ್ದ ಎರಡು ಮರುಕಳಿಕೆಗಳ ಆಸ್ಪತ್ರೆ ದಾಖಲೆಗಳ ಕಡತವನ್ನು ಯಾರೂ ಬಿಚ್ಚಲಿಲ್ಲ. ಪತ್ರದಲ್ಲಿ ನಮೂದಾದದ್ದು ಶೇ 40ಕ್ಕಿಂತ ಕಡಿಮೆ.

ಅಂದು ತಪಾಸಣೆ ಮಾಡಿದ ವೈದ್ಯರ ಮೇಲೆ ನನಗೆ ಸಿಟ್ಟಿಲ್ಲ, ಅವರು ಕಂಡದ್ದನ್ನೇ ಬರೆದರು. ದಿನಕ್ಕೊಂದು, ಹೊತ್ತಿಗೊಂದು ಬಗೆಯಾಗಿರುವ ಕಾಯಿಲೆಯನ್ನು ಒಂದೇ ಬೆಳಿಗ್ಗೆಯ ನಡಿಗೆಯಿಂದ ಅಳೆಯುವ ಕ್ರಮವೇ ಸರಿಯಿಲ್ಲ ಎಂಬುದು ನನ್ನ ಅಹವಾಲು. ಹಿಂದಿನ ಎರಡು ಮೂರು ವರ್ಷಗಳ ಚಿಕಿತ್ಸಾ ದಾಖಲೆ, ಎಂಆರ್‌ಐ ವರದಿ ಮತ್ತು ಆಯಾಸದ ಬಗ್ಗೆ ನರರೋಗ ತಜ್ಞರ ಅಭಿಪ್ರಾಯವನ್ನು ಪರಿಗಣಿಸಿಯೇ ಪ್ರಮಾಣ ನಿಗದಿ ಮಾಡುವಂತೆ ಆರೋಗ್ಯ ಇಲಾಖೆ ಸೂಚನೆ ನೀಡಬೇಕು.

ಇದೇ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಸರ್ಕಾರಿ ಸಂಸ್ಥೆಗಳು ಅಂಗವಿಕಲ ನೌಕರರಿಗೆ ಸೂಕ್ತ ಅನುಕೂಲ ಕಲ್ಪಿಸಬೇಕು. ನಮ್ಮ ಮುಖ್ಯೋಪಾಧ್ಯಾಯರು ಯಾವ ಆದೇಶಕ್ಕೂ ಕಾಯದೆ ನನ್ನ ತರಗತಿಯನ್ನು ಕೆಳಗಿನ ಕೋಣೆಗೆ ತಂದು, ನನ್ನ ಪಾಠಗಳನ್ನೆಲ್ಲ ಬೆಳಗಿನ ಅವಧಿಗೆ ಹಾಕಿದ್ದಾರೆ. ಅವರು ಮುಂದಿನ ವರ್ಷ ನಿವೃತ್ತರಾಗುತ್ತಾರೆ. ಅಷ್ಟರೊಳಗೆ ಶಿಕ್ಷಣ ಇಲಾಖೆ ಈ ಅನುಕೂಲವನ್ನು ಲಿಖಿತ ಆದೇಶವಾಗಿ ನೀಡಬೇಕೆಂದು ಕೋರುತ್ತೇನೆ.

– ಒಬ್ಬ ಶಾಲಾ ಶಿಕ್ಷಕಿ, ರಾಯಚೂರು