ಬಸುರಾಗುವ ಮೊದಲೇ ಊಟದ ಕಾಳಜಿ ಇರಲಿ

ಮಾನ್ಯರೇ,

ತಾಯಿಯ ಊಟದ ಕಾಳಜಿ ಬಸುರಾದ ಮೇಲಲ್ಲ, ಮದುವೆಯಾದ ದಿನದಿಂದಲೇ ಶುರುವಾಗಬೇಕು. ಮಗುವಿನ ಮೆದುಳು, ಬೆನ್ನುಹುರಿಯಾಗುವ ನರಕೊಳವೆ ಗರ್ಭ ಕಟ್ಟಿದ ಸುಮಾರು 28 ದಿನಗಳಲ್ಲೇ ಮುಚ್ಚಿಕೊಳ್ಳುತ್ತದೆ. ಆಗ ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸುರಿ ಎಂಬುದೇ ಗೊತ್ತಿರುವುದಿಲ್ಲ. ಅದಕ್ಕೇ ಈ ಕೊಳವೆ ಸರಿಯಾಗಿ ಮುಚ್ಚಿಕೊಳ್ಳಲು ನೆರವಾಗುವ ಫೋಲಿಕ್ ಆಸಿಡ್ ಎಂಬ ಬಿ ವಿಟಮಿನ್ ದಿನಕ್ಕೆ 400 ಮೈಕ್ರೋಗ್ರಾಂ ಮುಂಚೆಯೇ ಬೇಕು ಎನ್ನುತ್ತಾರೆ ವೈದ್ಯರು.

ನಮ್ಮ ರೋಣದ ಕಡೆ ಹೊಸ ಸೊಸೆ ಎಲ್ಲರಿಗೂ ರೊಟ್ಟಿ ಬಡಿದು ಕೊನೆಗೆ ಉಣ್ಣುತ್ತಾಳೆ. ಅಷ್ಟರಲ್ಲಿ ಹೆಸರುಕಾಳಿನ ಪಲ್ಯ ಖಾಲಿ. ಉಳಿದದ್ದು ಒಂದು ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ. ನೋಡಿದರೆ ಕರುಳು ಚುರ್ ಅನ್ನುತ್ತದೆ. ಅಂಗನವಾಡಿಯ ಮಾತೃಪೂರ್ಣ ಊಟವೂ ಬಸುರಿ, ಬಾಣಂತಿಯರಿಗೆ ಮಾತ್ರ.

ಆಶಾ ಕಾರ್ಯಕರ್ತೆಯರು ಹೊಸದಾಗಿ ಮದುವೆಯಾದವರ ಮನೆಗೇ ಹೋಗಿ, ರಕ್ತ ಪರೀಕ್ಷೆ ಮಾಡಿಸಿ ಮಾತ್ರೆ ಕೊಡುವಂತಾಗಲಿ. ಅತ್ತೆಯಂದಿರನ್ನೂ ಕೂಡಿಸಿ ತಿಳಿಸಿ ಹೇಳಲಿ.

– ಗೃಹಿಣಿ, ರೋಣ, ಗದಗ ಜಿಲ್ಲೆ