ತಪಾಸಣೆ ರಾತ್ರಿ ಒಂಬತ್ತಕ್ಕೆ ಬರಲಿ

ಮಾನ್ಯ ಸಂಪಾದಕರೇ,

ನಮ್ಮಕ್ಕ ಮೈಸೂರಿನ ಒಂದು ಖಾಸಗಿ ವೃದ್ಧಾಶ್ರಮದಲ್ಲಿದ್ದಾರೆ. ವಯಸ್ಸು ಎಂಬತ್ತೊಂದು. ಕಳೆದ ತಿಂಗಳು ನೋಡಲು ಹೋದರೆ ಗೇಟಿನಿಂದಲೇ ಫಿನಾಯಿಲ್ ವಾಸನೆ, ಮಂಚಗಳ ಮೇಲೆಲ್ಲ ಹೊಸ ಹೊದಿಕೆ. "ನಾಳೆ ಆಫೀಸರು ಬರ್ತಾರಂತೆ ಕಣೇ, ಬೆಳಿಗ್ಗೆ ಎಲ್ಲರಿಗೂ ಉಗುರು ಕತ್ತರಿಸಿದ್ರು" ಎಂದರು ಅಕ್ಕ. ಆಫೀಸ್ ಕೋಣೆಯಲ್ಲಿ ಒಬ್ಬ ಹುಡುಗಿ ಔಷಧಿ ರಿಜಿಸ್ಟರ್ ಮುಂದೆ ಕೂತು ಇಡೀ ತಿಂಗಳಿಗೆ ಒಂದೇ ಪೆನ್ನಿನಲ್ಲಿ ಟಿಕ್ ಹಾಕುತ್ತಿದ್ದಳು. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಮೂವತ್ತು ಜನಕ್ಕೆ ರಾತ್ರಿ ಪಾಳಿಯಲ್ಲಿ ಅವಳೊಬ್ಬಳೇ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ದಿನದಿನವೂ ಬರೆದ ಪುಸ್ತಕದಲ್ಲಿ ಕೈಬರಹ ಬದಲಾಗುತ್ತದೆ, ಶಾಯಿ ಬದಲಾಗುತ್ತದೆ, "ವಾಂತಿಯಾಯಿತು, ಮಾತ್ರೆ ಕೊಟ್ಟಿಲ್ಲ" ಅಂತ ಎಲ್ಲೋ ಒಂದು ಕಡೆ ಇರುತ್ತದೆ, ಹಾಳೆಗೆ ಟಾನಿಕ್ ಅಂಟಿರುತ್ತದೆ. ಒಂದೂ ಚಿತ್ತಿಲ್ಲದ ರಿಜಿಸ್ಟರ್ ಕಂಡರೆ ತಪಾಸಣೆಯವರಿಗೆ ಅನುಮಾನ ಬರಬೇಕು. ಬಿಪಿ ಮಾತ್ರೆಯ ಸ್ಟ್ರಿಪ್ ತರಿಸಿ ಎಣಿಸಿ, ಪುಸ್ತಕದ ಲೆಕ್ಕಕ್ಕೆ ತಾಳೆ ನೋಡಿದರೆ ಐದು ನಿಮಿಷದಲ್ಲಿ ಬಣ್ಣ ಬಯಲು. ಹುಟ್ಟುಹಬ್ಬಕ್ಕೆ ಪಾಯಸ ಬಡಿಸಿ ಹೋದ ದಾನಿಗಳ ಹೆಸರು ಆಶ್ರಮದ ಬೋರ್ಡಿನಲ್ಲಿ ದೊಡ್ಡದಾಗಿದೆ. ಸಕ್ಕರೆ ಕಾಯಿಲೆ ಯಾರ್ಯಾರಿಗಿದೆ ಎಂಬುದು ಅಡುಗೆಮನೆಯ ಗೋಡೆಯ ಮೇಲೂ ಇಲ್ಲ.

ನನಗೆ ಇದಕ್ಕಿಂತ ಹೆಚ್ಚು ಭಯ ಹಿಂಬಾಗಿಲಿನದು. ರಾತ್ರಿ ಎಂಟಾದ ಮೇಲೆ ಅದಕ್ಕೆ ಬೀಗ. ಮರೆವಿನ ಕಾಯಿಲೆಯವರು ಎದ್ದು ರಸ್ತೆಗೆ ಹೋಗಿಬಿಡುತ್ತಾರೆ ಎನ್ನುತ್ತಾರೆ, ಸುಳ್ಳಲ್ಲ. ಆದರೆ ಬೀಗದ ಕೈ ಇರುವುದು ಮ್ಯಾನೇಜರ್ ಜೇಬಿನಲ್ಲಿ, ಮ್ಯಾನೇಜರ್ ಮನೆ ಇರುವುದು ಶ್ರೀರಂಗಪಟ್ಟಣದಲ್ಲಿ! 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ಅಸ್ವಸ್ಥರನ್ನು ಇಟ್ಟಿದ್ದ ಚಪ್ಪರಕ್ಕೆ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದರಿಂದ ಓಡಲಾಗದೆ 28 ಮಂದಿ ಸತ್ತರು. ಅವರನ್ನು ಕಟ್ಟಿಹಾಕಿದ್ದೂ ಎಲ್ಲಿಯಾದರೂ ಹೋಗಿಬಿಡುತ್ತಾರೆಂದೇ. ಅಕ್ಕನ ಆಶ್ರಮದಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಇದೆ, ಮುಳ್ಳು ಹಸಿರು ಗುರುತಿನಲ್ಲೇ ಇದೆ. ಅದರ ಪಿನ್ ಎಳೆಯುವುದು ಹೇಗೆಂದು ಆ ಹುಡುಗಿಯನ್ನು ಕೇಳಿದೆ. "ಮುಟ್ಟಬೇಡ ಅಂದಿದಾರೆ ಆಂಟಿ" ಎಂದಳು.

ಮಕ್ಕಳ ಪಾಲನಾ ಕೇಂದ್ರಗಳಿಗೆ 2015ರ ಬಾಲನ್ಯಾಯ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ: ಮೂರು ತಿಂಗಳಿಗೊಮ್ಮೆಯಾದರೂ ತಪಾಸಣೆ, ತಂಡದಲ್ಲಿ ಕನಿಷ್ಠ ಮೂವರು, ಅವರಲ್ಲಿ ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ. ಅದು ಎಷ್ಟು ನಡೆಯುತ್ತದೆಂಬುದು ಬೇರೆ ಮಾತು, ಗಡುವಾದರೂ ಇದೆ. ಹಿರಿಯ ನಾಗರಿಕರ 2007ರ ಕಾಯ್ದೆಯಲ್ಲಿ ಜಿಲ್ಲೆಗೊಂದಾದರೂ ವೃದ್ಧಾಶ್ರಮ ಇರಲಿ, 150 ಜನಕ್ಕೆ ಜಾಗವಿರಲಿ ಎಂದಿದೆ. ಮೂರು ತಿಂಗಳಿಗೊಮ್ಮೆ ಹೋಗಿ ನೋಡಿ ಎಂಬ ಮಾತಿಲ್ಲ. ನಿವೃತ್ತರ ಸ್ವರ್ಗ ಎಂದು ಕರೆಸಿಕೊಳ್ಳುವ ಊರು ನಮ್ಮದು. ಕಾಯ್ದೆ ತಿದ್ದುವವರೆಗೆ ಕಾಯದೆ ಮೈಸೂರು ಜಿಲ್ಲಾಡಳಿತವೇ ಇದನ್ನು ಶುರು ಮಾಡಬಹುದಲ್ಲ? ಫೋನ್ ಮಾಡದೆ ಬನ್ನಿ, ರಾತ್ರಿ ಒಂಬತ್ತಕ್ಕೆ ಬನ್ನಿ, ಜೊತೆಗೆ ಅಗ್ನಿಶಾಮಕದವರೊಬ್ಬರಿರಲಿ. ಕಂಡದ್ದನ್ನು ಬರೆದು ಗೇಟಿಗೆ ಅಂಟಿಸಿ ಹೋಗಿ, ನಮ್ಮಂಥವರು ಓದಿಕೊಳ್ಳುತ್ತೇವೆ. ಅಲ್ಲಿರುವವರನ್ನು ಮ್ಯಾನೇಜರ್ ಇಲ್ಲದಾಗ ಮಾತಾಡಿಸಿ.

ಕೊನೆಯದನ್ನು ಸುಮ್ಮನೆ ಹೇಳಲಿಲ್ಲ. ಮಾರನೆಯ ಸಂಜೆ ಅಕ್ಕನಿಗೆ ಫೋನ್ ಮಾಡಿ, ಬಂದವರು ಏನು ಕೇಳಿದರು ಎಂದೆ. "ಊಟ ಚೆನ್ನಾಗಿದೆಯಾ ಅಜ್ಜಿ ಅಂದ್ರು. ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ರು. ಚೆನ್ನಾಗಿದೆ ಅಂದೆ."

ನಿವೃತ್ತ ಶುಶ್ರೂಷಕಿ, ಕುವೆಂಪುನಗರ, ಮೈಸೂರು
(ಅಕ್ಕ ಇನ್ನೂ ಅಲ್ಲೇ ಇರುವುದರಿಂದ ಹೆಸರು ಪ್ರಕಟಿಸಬಾರದೆಂದು ಕೋರಿಕೆ)