ಎರಡನೇ ಪರದೆಯಲ್ಲಿ ವಿಡಿಯೊ ತಡವರಿಸಿದರೆ ಮೊದಲು ಕೇಬಲ್ ನೋಡಿ

ಮಾನ್ಯ ಸಂಪಾದಕರೇ,

ಒಂದೇ ಪರದೆ ಇದ್ದಾಗ ಸಲೀಸಾಗಿ ಓಡುತ್ತಿದ್ದ ವಿಡಿಯೊ, ಇನ್ನೊಂದು ಮಾನಿಟರ್ ಅಥವಾ ಪ್ರೊಜೆಕ್ಟರ್ ಜೋಡಿಸಿದ ಕೂಡಲೇ ತಡವರಿಸುತ್ತದೆ. ಕೆಲವೊಮ್ಮೆ ಧ್ವನಿ ಮಾತ್ರ ಬಂದು ಚಿತ್ರ ಕಪ್ಪಾಗುತ್ತದೆ. ಶಾಲೆಯ ಸ್ಮಾರ್ಟ್ ಕ್ಲಾಸ್, ಕಲ್ಯಾಣಮಂಟಪ, ಎಡಿಟಿಂಗ್ ಸ್ಟುಡಿಯೊ, ಎಲ್ಲ ಕಡೆಯೂ ಇದೇ ದೂರು. ಸಿಗುವ ಸಲಹೆಯೂ ಸಿದ್ಧವಾಗಿರುತ್ತದೆ: ವಿಂಡೋಸ್ ಫಾರ್ಮ್ಯಾಟ್ ಮಾಡಿಸಿ, ಇಲ್ಲವೇ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ. ಬಹುತೇಕ ಸಂದರ್ಭಗಳಲ್ಲಿ ಎರಡೂ ಬೇಕಾಗುವುದಿಲ್ಲ. ದೋಷ ಇರುವುದು ಕೇಬಲ್ ಚುಚ್ಚಿರುವ ಜಾಗದಲ್ಲಿ, ನಡುವೆ ಕೂತಿರುವ ಕನ್ವರ್ಟರ್‌ನಲ್ಲಿ ಅಥವಾ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರವನ್ನು ಹೊಸದಾಗಿ ತೋರಿಸುತ್ತದೆ ಎಂಬ ರಿಫ್ರೆಶ್ ರೇಟ್‌ನಲ್ಲಿ (ಇದರ ಅಳತೆ ಹರ್ಟ್ಜ್).

ಡೆಸ್ಕ್‌ಟಾಪ್ ಆದರೆ ಮೊದಲು ಕ್ಯಾಬಿನೆಟ್‌ನ ಬೆನ್ನು ನೋಡಬೇಕು. ಯುಎಸ್‌ಬಿ ಮತ್ತು ಆಡಿಯೊ ಪಿನ್‌ಗಳ ಜೊತೆಗಿರುವ ಎಚ್‌ಡಿಎಂಐ, ವಿಜಿಎ ಪೋರ್ಟ್‌ಗಳು ಮದರ್‌ಬೋರ್ಡ್‌ಗೆ ಸೇರಿದವು. ಸಾಮಾನ್ಯವಾಗಿ ಅವುಗಳಿಗಿಂತ ಕೆಳಗೆ, ಅಡ್ಡಲಾಗಿ ಇರುವವು ಗ್ರಾಫಿಕ್ಸ್ ಕಾರ್ಡ್‌ನವು. ಒಂದು ಮಾನಿಟರ್ ಇಲ್ಲಿ, ಇನ್ನೊಂದು ಅಲ್ಲಿ ಎಂದು ಚುಚ್ಚಿದ್ದರೆ, ಒಂದು ಚಿಪ್ ಬಿಡಿಸಿದ ಪ್ರತಿ ಫ್ರೇಮನ್ನೂ (ವಿಡಿಯೊದ ಒಂದೊಂದು ಚಿತ್ರವನ್ನೂ) ಇನ್ನೊಂದಕ್ಕೆ ನಕಲು ಮಾಡಿ ತೋರಿಸಬೇಕಾಗುತ್ತದೆ. ವಿಡಿಯೊ ಕಿಟಕಿಯನ್ನು ಆಚೆ ಪರದೆಗೆ ಎಳೆದಾಗ ಮಾತ್ರ ತಡವರಿಕೆ ಶುರುವಾದರೆ ಇದೇ ಕಾರಣ ಇರಬಹುದು. ಎರಡೂ ಕೇಬಲ್‌ಗಳನ್ನು ಕಾರ್ಡ್‌ಗೇ ಚುಚ್ಚಿ. ಕಾರ್ಡ್‌ನಲ್ಲಿ ಒಂದೇ ಎಚ್‌ಡಿಎಂಐ ಇದ್ದರೆ ಪಕ್ಕದ ಡಿಸ್‌ಪ್ಲೇಪೋರ್ಟ್ ಬಳಸಿ. ಒಂದು ಕೇಬಲ್‌ನ ಖರ್ಚಿನಲ್ಲಿ ಕೆಲಸ ಮುಗಿಯುತ್ತದೆ.

ಮುಂದಿನದು ರಿಫ್ರೆಶ್ ರೇಟ್. ಸೆಟ್ಟಿಂಗ್ಸ್, ಸಿಸ್ಟಂ, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ ಎಂಬ ದಾರಿಯಲ್ಲಿ ಹೋಗಿ, ಮೇಲಿನ ಪಟ್ಟಿಯಿಂದ ಒಂದೊಂದೇ ಪರದೆ ಆರಿಸಿ ಅದರ ಹರ್ಟ್ಜ್ ನೋಡಿ. 4ಕೆ ಟಿವಿಗೆ 30 ಹರ್ಟ್ಜ್ ಎಂದು ಕಂಡರೆ ತಡವರಿಕೆಗೆ ಅದೇ ಕಾರಣವಿರಬಹುದು. ಎಚ್‌ಡಿಎಂಐ 1.4 ಪೋರ್ಟ್ 4ಕೆ ಚಿತ್ರವನ್ನು 30 ಹರ್ಟ್ಜ್‌ಗಿಂತ ವೇಗವಾಗಿ ಕಳಿಸಲಾರದು. 60 ಬೇಕಿದ್ದರೆ ಕಂಪ್ಯೂಟರ್, ಟಿವಿ ಎರಡರಲ್ಲೂ ಎಚ್‌ಡಿಎಂಐ 2.0 ಇರಬೇಕು, ಕೇಬಲ್ ಆ ವೇಗವನ್ನು ತಾಳಿಕೊಳ್ಳಬೇಕು. ಇಲ್ಲದಿದ್ದರೆ ರೆಸಲ್ಯೂಶನ್ (ಚಿತ್ರದ ಚುಕ್ಕೆಗಳ ಲೆಕ್ಕ) ಅನ್ನು 1920×1080ಕ್ಕೆ ಇಳಿಸಿ. ಸಭಾಂಗಣದ ದೂರದ ಪರದೆಯಲ್ಲಿ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ, ಓಟ ಮಾತ್ರ ನುಣುಪಾಗುತ್ತದೆ.

ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. ಇಲ್ಲಿ ಮದುವೆ, ಸಮಾರಂಭಗಳ ವಿಡಿಯೊಗಳು ಹೆಚ್ಚಾಗಿ ಸೆಕೆಂಡಿಗೆ 25 ಫ್ರೇಮ್‌ನವು. 60ನ್ನು 25ರಿಂದ ಭಾಗಿಸಿದರೆ ಸಮನಾಗಿ ಬರುವುದಿಲ್ಲ. ಹಾಗಾಗಿ ಕೆಲವು ಫ್ರೇಮ್ 2 ಸರದಿ, ಕೆಲವು 3 ಸರದಿ ಪರದೆಯ ಮೇಲೆ ನಿಲ್ಲುತ್ತವೆ. ಮುಖ ತೋರಿಸುವಾಗ ಇದು ಕಾಣದು. ವಧು-ವರರ ಹೆಸರು ಪರದೆಯಲ್ಲಿ ಅಡ್ಡ ಹರಿಯುವಾಗ, ಕ್ಯಾಮೆರಾ ಮಂಟಪದ ಒಂದು ತುದಿಯಿಂದ ಇನ್ನೊಂದಕ್ಕೆ ನಿಧಾನವಾಗಿ ತಿರುಗುವಾಗ ಜರ್ಕ್ ಎದ್ದು ಕಾಣುತ್ತದೆ. ಕಂಪ್ಯೂಟರ್ ಎಷ್ಟೇ ಬಲಶಾಲಿಯಾಗಿದ್ದರೂ ಇದು ಹೋಗದು. ಪ್ರೊಜೆಕ್ಟರ್ ಅಥವಾ ಟಿವಿಗೆ 50 ಹರ್ಟ್ಜ್ ಆಯ್ಕೆ ಇದ್ದರೆ ಅದನ್ನು ಆರಿಸಿ. ಪ್ರತಿ ಫ್ರೇಮ್‌ಗೂ ಸರಿಯಾಗಿ 2 ಸರದಿ ಸಿಗುತ್ತದೆ.

ಡುಪ್ಲಿಕೇಟ್ ಮೋಡ್ ಕೂಡ ತೊಂದರೆಯ ಮೂಲ. ಎರಡೂ ಪರದೆಗೆ ಒಂದೇ ಚಿತ್ರ ಕಳಿಸುವಾಗ ವಿಂಡೋಸ್ ಇಬ್ಬರಿಗೂ ಹೊಂದುವ ರೆಸಲ್ಯೂಶನ್ ಹುಡುಕುತ್ತದೆ. 1024×768ರ ಹಳೆಯ ಪ್ರೊಜೆಕ್ಟರ್ ಸೇರಿದರೆ ಹೊಸ ಲ್ಯಾಪ್‌ಟಾಪ್‌ನ ಚಿತ್ರವೂ ಮಂಜಾಗುತ್ತದೆ. ವಿಂಡೋಸ್ ಕೀ ಜೊತೆ ಪಿ ಒತ್ತಿ, ಎರಡು ಪರದೆಗಳನ್ನು ಬೇರೆ ಬೇರೆಯಾಗಿ ಬಳಸುವ ಎಕ್ಸ್‌ಟೆಂಡ್ ಆರಿಸಿ. ನಂತರ ವಿಂಡೋಸ್, ಶಿಫ್ಟ್ ಮತ್ತು ಬಾಣದ ಕೀ ಒಟ್ಟಿಗೆ ಒತ್ತಿದರೆ ಪ್ಲೇಯರ್ ಆಚೆ ಪರದೆಗೆ ಹಾರುತ್ತದೆ.

ಧ್ವನಿ ಬಂದು ಚಿತ್ರ ಬಾರದಿದ್ದರೆ ಅದೇ ಪರದೆಯಲ್ಲಿ ನಿಮ್ಮ ಮೊಬೈಲ್‌ನಲ್ಲಿ ತೆಗೆದ ವಿಡಿಯೊ ಹಾಕಿ ನೋಡಿ. ಅದು ಓಡಿ, ಒಟಿಟಿ ಸಿನಿಮಾ ಮಾತ್ರ ಕಪ್ಪಾದರೆ ಎಚ್‌ಡಿಸಿಪಿ ಎಂಬ ನಕಲು ತಡೆ ವ್ಯವಸ್ಥೆಯನ್ನು ಶಂಕಿಸಬೇಕು. ಕಂಪ್ಯೂಟರಿನಿಂದ ಪರದೆವರೆಗಿನ ಪ್ರತಿ ಕೊಂಡಿಯೂ ಅದಕ್ಕೆ ಸ್ಪಂದಿಸಬೇಕು. ವಿಜಿಎ ಕೇಬಲ್‌ಗೆ ಆ ಶಕ್ತಿಯೇ ಇಲ್ಲ. ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಕನ್ವರ್ಟರ್ ಹಾಕಿದರೆ ಚಿತ್ರ ಕಪ್ಪಾಗಬಹುದು, ಎರರ್ ಬರಬಹುದು. ಪ್ರೊಜೆಕ್ಟರ್‌ನಲ್ಲಿ ಎಚ್‌ಡಿಎಂಐ ಇದ್ದರೆ ನೇರ ಚುಚ್ಚಿ. ಡ್ರೈವರ್ (ಗ್ರಾಫಿಕ್ಸ್ ನಡೆಸುವ ತಂತ್ರಾಂಶ) ಬದಲಿಸಿ, ಫಾರ್ಮ್ಯಾಟ್ ಮಾಡಿ ಏನೂ ಪ್ರಯೋಜನವಿಲ್ಲ.

ಯುಎಸ್‌ಬಿಯಿಂದ ಎಚ್‌ಡಿಎಂಐ ಕೊಡುವ ಡಿಸ್‌ಪ್ಲೇಲಿಂಕ್ ಬಗೆಯ ಅಡಾಪ್ಟರ್‌ಗಳ ಬಗ್ಗೆ ಅಂಗಡಿಯವರು ಸ್ಪಷ್ಟವಾಗಿ ಹೇಳಬೇಕು. ಅವು ಪ್ರೊಸೆಸರ್‌ನ ಬಲದಿಂದ ಚಿತ್ರವನ್ನು ಕುಗ್ಗಿಸಿ ಯುಎಸ್‌ಬಿ ಮೂಲಕ ಸಾಗಿಸುತ್ತವೆ. ಎಕ್ಸೆಲ್‌ಗೆ, ಇಮೇಲ್‌ಗೆ ಸಾಕು. ಪೂರ್ಣ ಪರದೆ ವಿಡಿಯೊಗೆ ನೇರವಾಗಿ ಜೋಡಿಸಿದ ಮಾನಿಟರನ್ನೇ ಬಳಸುವುದು ಒಳ್ಳೆಯದು.

ಯೂಟ್ಯೂಬ್ ಮಾತ್ರ ತೊದಲಿದರೆ ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ತೆರೆಯಿರಿ. ಡ್ರಾಪ್ಡ್ ಫ್ರೇಮ್‌ಗಳ (ತೋರಿಸದೆ ಬಿಟ್ಟ ಫ್ರೇಮ್‌ಗಳ) ಅಂಕಿ ಏರುತ್ತಲೇ ಇದ್ದರೆ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್) ಒತ್ತಿ, ವಿಡಿಯೊ ಡಿಕೋಡ್ ಗ್ರಾಫ್ ನೋಡಿ. ಅದು ಸೊನ್ನೆಯಲ್ಲಿದ್ದು ಸಿಪಿಯು ನೂರರ ಹತ್ತಿರ ಇದ್ದರೆ ಇಡೀ ಭಾರ ಪ್ರೊಸೆಸರ್ ಮೇಲಿದೆ ಎಂದರ್ಥ. ದೊಡ್ಡ ಪರದೆಯಲ್ಲಿ ಆಟೋ ಗುಣಮಟ್ಟ ತಾನಾಗಿ 4ಕೆಗೆ ಏರಿರಬಹುದು. 4ಕೆಯಲ್ಲಿ ಯೂಟ್ಯೂಬ್ ಹೆಚ್ಚಾಗಿ ಬಳಸುವ ವಿಪಿ9 ಎಂಬ ವಿಡಿಯೊ ಕುಗ್ಗಿಸುವ ಮಾದರಿಯನ್ನು ಬಿಡಿಸುವ ಪೂರ್ಣ ವ್ಯವಸ್ಥೆ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಬಂದದ್ದು 7ನೇ ತಲೆಮಾರಿನಿಂದ. ಅದಕ್ಕಿಂತ ಹಳೆಯದಾದರೆ 1080ಕ್ಕೆ ಇಳಿಸಿ. ಹೊಸದಾಗಿದ್ದೂ ಸೊನ್ನೆ ತೋರಿಸಿದರೆ ಕ್ರೋಮ್‌ನ ಸೆಟ್ಟಿಂಗ್ಸ್, ಸಿಸ್ಟಂನಲ್ಲಿ ವಿಡಿಯೊ ಭಾರವನ್ನು ಗ್ರಾಫಿಕ್ಸ್ ಚಿಪ್‌ಗೆ ಹೊರಿಸುವ ಗ್ರಾಫಿಕ್ಸ್ ಆಕ್ಸಲರೇಷನ್ ಆನ್ ಮಾಡಿ. ಮಿಣುಕಾಟವಿದ್ದರೆ ಇದನ್ನೇ ಆಫ್ ಮಾಡಿ ಪರೀಕ್ಷಿಸಿ. ನಿಂತರೆ ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನ. ತಯಾರಕರ ತಾಣದಿಂದ ಹೊಸ ಡ್ರೈವರ್ ಹಾಕಿ ಮತ್ತೆ ಆನ್ ಮಾಡಿ, ಆಫ್ ಆಗಿಯೇ ಬಿಡಬೇಡಿ.

144 ಮತ್ತು 60 ಹರ್ಟ್ಜ್‌ನ ಎರಡು ಮಾನಿಟರ್ ಒಟ್ಟಿಗಿದ್ದರೆ 144ನ್ನು, 60ರ ಸರಿಯಾಗಿ ಎರಡರಷ್ಟಾದ 120ಕ್ಕೆ ಇಳಿಸಿ ನೋಡುವುದೂ ಉಪಯುಕ್ತ.

ಶಾಲೆಗೆ, ಸಭಾಭವನಕ್ಕೆ ಸಲಕರಣೆ ಕೊಳ್ಳುವವರಲ್ಲಿ ಒಂದು ವಿನಂತಿ. ಬಿಲ್ ಪಾವತಿಸುವ ಮೊದಲು, ಅಲ್ಲೇ ಬಳಸುವ ಲ್ಯಾಪ್‌ಟಾಪ್ ಮತ್ತು ಗೋಡೆಯೊಳಗೆ ಎಳೆದ ಅದೇ ಉದ್ದದ ಕೇಬಲ್‌ನಿಂದ ಒಂದು ವಿಡಿಯೊವನ್ನು ಪೂರ್ತಿ ಓಡಿಸಿ ನೋಡಿ. ಸಾಮಾನ್ಯ ಎಚ್‌ಡಿಎಂಐ ಕೇಬಲ್ 5 ಮೀಟರ್ ದಾಟಿದರೆ 4ಕೆ ಸಿಗ್ನಲ್ ಕೈಕೊಡುವ ಸಂಭವ ಹೆಚ್ಚು. 15 ಮೀಟರ್ ದೂರಕ್ಕೆ ಬೆಳಕಿನ ಮೂಲಕ ಸಿಗ್ನಲ್ ಒಯ್ಯುವ ಆಪ್ಟಿಕಲ್ ಎಚ್‌ಡಿಎಂಐ ಕೇಳಿ. ಅಳವಡಿಸುವವರು ಪ್ಲಗ್ ಪಕ್ಕದಲ್ಲೇ ಪ್ರೊಜೆಕ್ಟರ್‌ನ ರೆಸಲ್ಯೂಶನ್, ಯಾವ ಹರ್ಟ್ಜ್‌ಗಳಲ್ಲಿ ನಡೆಯುತ್ತದೆ, ನಡುವೆ ಕನ್ವರ್ಟರ್ ಇದೆಯೇ ಎಂಬುದನ್ನು ಬರೆದ ಚೀಟಿ ಅಂಟಿಸಿ ಹೋಗಲಿ.

ಕಂಪ್ಯೂಟರ್ ದುರಸ್ತಿಗಾರ, ಹಾಸನ